ಸಹಿ ಅಲ್ಲ, ಲೇಯರ್ ಫೈಲು

ಡಿಜಿಟಲ್ ಚಿತ್ರದ ಮೂಲೆಯಲ್ಲಿ ಹಾಕುವ ಸಹಿಯನ್ನು ನಾನು ನಂಬುವುದಿಲ್ಲ. ಕ್ರಾಪ್ ಮಾಡಿದರೆ ಹೋಯಿತು. ಹಾಗಂತ ಹಾಕುವುದನ್ನು ಬಿಟ್ಟಿಲ್ಲ. ಆದರೆ ಚಿತ್ರ ನನ್ನದೇ ಅಂತ ತೋರಿಸಬೇಕಾದಾಗ ಕೆಲಸಕ್ಕೆ ಬಂದದ್ದು ಯಾರ ಕಣ್ಣಿಗೂ ಬೀಳದ ಮೂಲ ಫೈಲು, ಲೇಯರ್‌ಗಳ ಸಮೇತ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ, ಚಿತ್ರದ ಒಂದೊಂದು ಪದರ.

ನಾನು ಯಕ್ಷಗಾನದ ವೇಷಗಳನ್ನು ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಬರೆಯುತ್ತೇನೆ. ಒರಟು ಗೆರೆಗೆ ಒಂದು ಲೇಯರ್, ಕಿರೀಟಕ್ಕೆ ಒಂದು, ಮುಖದ ಚುಟ್ಟಿಗೆ (ಬಿಳಿ ಚುಕ್ಕೆಗಳ ಅಲಂಕಾರಕ್ಕೆ) ಇನ್ನೊಂದು. ಚಿತ್ರ ಮುಗಿದರೂ ಇವನ್ನು ಒಂದಾಗಿಸುವುದಿಲ್ಲ. ಹಂತ ಹಂತವಾಗಿ ಬೇರೆ ಬೇರೆ ಹೆಸರಿನಲ್ಲಿ ಉಳಿಸುತ್ತೇನೆ. ಕ್ರಿಟಾದಲ್ಲೇ ರೆಕಾರ್ಡರ್ ಇದೆ, ಆನ್ ಮಾಡಿಟ್ಟರೆ ಬರೆದದ್ದೆಲ್ಲ ವಿಡಿಯೋ ಆಗುತ್ತದೆ. ಹೊರಗೆ ಹೋಗುವುದು ಚಿಕ್ಕ ಜೆಪೆಗ್ ಮಾತ್ರ.

ನಾನು ಬರೆದ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಚಿತ್ರವೊಂದು ಟೀ ಶರ್ಟ್ ಮೇಲೆ ಮಾರಾಟಕ್ಕೆ ಬಂತು. ಮಾರುವವರನ್ನು ಕೇಳಿದರೆ "ನಾವೇ ಬರೆಸಿದ್ದು" ಅಂದರು. ನಾನು ಜಗಳಕ್ಕೆ ಹೋಗಲಿಲ್ಲ. ಲೇಯರ್‌ಗಳ ಸ್ಕ್ರೀನ್‌ಶಾಟ್, ಅವರು ಕತ್ತರಿಸಿದ್ದ ಭಾಗ, ವಿಡಿಯೋದ ಒಂದು ತುಣುಕು ಕಳುಹಿಸಿ, "ನಿಮ್ಮ ಮೂಲ ಫೈಲು ತೋರಿಸಿ" ಅಂದೆ. ಉತ್ತರ ಬರಲಿಲ್ಲ. ಶರ್ಟು ಮಾತ್ರ ಕಾಣೆಯಾಯಿತು.

ತಾರೀಖಿನ ಸಾಕ್ಷಿ ಬೇರೆ. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಫೈಲಿನ ತಾರೀಖೂ ಸುಳ್ಳು ಹೇಳುತ್ತದೆ, ಅಲ್ವಾ? ಅದಕ್ಕೆ ಮೂಲ ಫೈಲಿನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಲೆಕ್ಕ ಹಾಕಿ ತೆಗೆದ ಫೈಲಿನ ಬೆರಳಚ್ಚು, ತೆಗೆಯುತ್ತೇನೆ. ಫೈಲು ಎಷ್ಟೇ ದೊಡ್ಡದಿರಲಿ, 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಒಂದು ಚುಕ್ಕೆ ಬದಲಾಯಿಸಿದರೂ ಸಾಲು ಪೂರ್ತಿ ಬೇರೆ. ಅದನ್ನು ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಸೇವೆಯ ಮೂಲಕ ಬಿಟ್‌ಕಾಯಿನ್ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಆಮೇಲೆ ತಿದ್ದಲಾಗದ ಸಾರ್ವಜನಿಕ ದಾಖಲೆ ಸರಪಳಿಯಲ್ಲಿ, ಗುರುತು ಹಾಕಿಸುತ್ತೇನೆ. ಖರ್ಚಿಲ್ಲ, ಚಿತ್ರವನ್ನು ಯಾರಿಗೂ ಕೊಡಬೇಕಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಡಿಜಿಟಲ್ ದಾಖಲೆಯ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲೂ ಹ್ಯಾಶ್ ಬರೆಯುವ ಜಾಗ ಇದೆ.

ಆದರೆ ಇದು ಹೇಳುವುದು ಆ ಫೈಲು ಆ ದಿನಕ್ಕೆ ಇತ್ತು ಅಂತ ಅಷ್ಟೇ. ಬರೆದವರು ಯಾರು ಅಂತಲ್ಲ. ಕದ್ದ ಚಿತ್ರಕ್ಕೂ ಹ್ಯಾಶ್ ಬರುತ್ತದೆ! ಚಿತ್ರದ ಹೆಸರಿನಲ್ಲಿ ಬ್ಲಾಕ್‌ಚೈನ್‌ನಲ್ಲಿ ದಾಖಲಿಸಿ ಮಾರುವ ಟೋಕನ್, ಅಂದರೆ ಎನ್‌ಎಫ್‌ಟಿಯ ಕಥೆಯೂ ಇದೇ. 2021ರಲ್ಲಿ ಅಮೆರಿಕದ ಕಲಾವಿದ ಬೀಪಲ್ ಅವರ ಡಿಜಿಟಲ್ ಕೊಲಾಜ್ ಎನ್‌ಎಫ್‌ಟಿಯಾಗಿ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 6.9 ಕೋಟಿ ಡಾಲರಿಗೆ ಹೋದಾಗ, ನೀನೂ ಮಿಂಟ್ ಮಾಡು (ಟೋಕನ್ ಮಾಡಿಸು) ಅಂತ ಗೆಳೆಯರು ಬೆನ್ನು ಹತ್ತಿದರು. ಟೋಕನ್ ಕೊಂಡ ಮಾತ್ರಕ್ಕೆ ಕಾಪಿರೈಟ್ ಬರುವುದಿಲ್ಲ. ಬೇರೆಯವರ ಚಿತ್ರ ಮಿಂಟ್ ಮಾಡುವುದನ್ನು ಬ್ಲಾಕ್‌ಚೈನ್ ತಡೆಯುವುದೂ ಇಲ್ಲ. ನಾನು ಆ ಕಡೆ ಹೋಗಲಿಲ್ಲ.

1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದ್ದರೆ ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷಿಯಾಗುತ್ತದೆ. ವಸ್ತುಗಳ ಮೇಲೆ ಬಳಸಬಹುದಾದ ಚಿತ್ರಕ್ಕೆ ಶುಲ್ಕ 2000 ರೂಪಾಯಿ, ಉಳಿದದ್ದಕ್ಕೆ 500. ಎಲ್ಲವನ್ನೂ ಮಾಡಿಸಿದರೆ ನನ್ನ ಸಂಪಾದನೆ ಅಲ್ಲೇ ಮುಗಿಯುತ್ತದೆ. ಜಾಸ್ತಿ ಓಡಾಡುವ ಕೆಲವಕ್ಕೆ ಮಾತ್ರ ಮಾಡಿಸುತ್ತೇನೆ.

ಬರೆಸಿಕೊಳ್ಳುವವರ ವಿಷಯದಲ್ಲಿ ಕಾಯ್ದೆಯೇ ಒಂದು ಗಂಟು ಹಾಕಿದೆ. ಹಣ ಕೊಟ್ಟು ಬರೆಸಿದ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಮಾಲೀಕರು. ಅದಕ್ಕೇ ಮದುವೆ ಕಾರ್ಡಿಗೆ ಜೋಡಿಯ ಚಿತ್ರ ಕೇಳಿದರೆ, ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆಯೇ ಇಮೇಲಿನಲ್ಲಿ ಒಪ್ಪಿಸಿಕೊಳ್ಳುತ್ತೇನೆ: ಹಕ್ಕು ನನ್ನದು, ಬಳಕೆ ಕಾರ್ಡಿಗೆ ಮಾತ್ರ. ಫೋನಿನಲ್ಲಿ ಆಡಿದ ಮಾತನ್ನೂ ಆಮೇಲೆ ಬರೆದು ಕಳುಹಿಸುತ್ತೇನೆ. ಕೆಲವರಿಗೆ ಇದು ಕಿರಿಕಿರಿ. ಅಂಥ ಕೆಲಸ ಕೈಬಿಟ್ಟದ್ದೂ ಇದೆ.