ಮಿಲ್ಟ್ರಿ ಅಜ್ಜಾರ ಮನೆಯಲ್ಲಿ ಕ್ಯಾಮೆರಾ

ಬೆಳಗಾವಿ ಸುತ್ತಲಿನ ಹಳ್ಳಿಗಳಲ್ಲಿ ಯುದ್ಧದ ಚಿತ್ರ ತೆಗೆಯುತ್ತೇನೆ ಅಂದರೆ ಜನಕ್ಕೆ ವಿಚಿತ್ರ ಅನ್ನಿಸುತ್ತದೆ. ಯುದ್ಧದ ಚಿತ್ರ ಅಂದರೆ ಗಡಿ, ಹೊಗೆ, ಗುಂಡು ಅಲ್ವಾ? ಹೆಸರಾಂತ ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ 1954ರಲ್ಲಿ ಇಂಡೋಚೈನಾದಲ್ಲಿ (ಈಗಿನ ವಿಯೆಟ್ನಾಂ) ನೆಲಬಾಂಬ್ ಮೇಲೆ ಕಾಲಿಟ್ಟು ತೀರಿಕೊಂಡರು. ನಮ್ಮ ದೇಶದ ಸುದ್ದಿ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಹತರಾದರು. ಅಂಥವರ ಚಿತ್ರ ನೋಡಿಯೇ ನಾನು ಈ ಕೆಲಸಕ್ಕೆ ಬಂದದ್ದು. ಆದರೆ ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಿನ ಕೇಂದ್ರ ಇರುವ ಊರು ನಮ್ಮದು, ಯುದ್ಧದಿಂದ ಮನೆಗೆ ಬಂದವರು ಇಲ್ಲೇ ಇದ್ದಾರೆ, ಅವರನ್ನು ಯಾರು ತೋರಿಸಬೇಕು?

ಮೊದಲು ಬರೀ ಫೋಟೋ ತೆಗೆಯುತ್ತಿದ್ದೆ. ಬೈಲಹೊಂಗಲ ಕಡೆಯ ಒಬ್ಬ ಅಜ್ಜಾರು ನನ್ನನ್ನು ಸಿನಿಮಾಕ್ಕೆ ಎಳೆದರು. 1971ರ ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್‌ನಲ್ಲಿ, ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ಕಾಳಗದಲ್ಲಿದ್ದವರು. ಜಮಖಾನೆ ಮೇಲೆ ಟವೆಲ್ ಉದ್ದಕ್ಕೆ ಹಾಸಿ 'ಇದು ಬ್ರಹ್ಮಪುತ್ರಾ ನದಿ ನೋಡ್ ತಮ್ಮಾ' ಅಂದರು. ಅಡಿಕೆ ಹೋಳು ಒಂದೊಂದೇ ಇಟ್ಟು, ಇಲ್ಲಿ ಅವರ ಬಂಕರ್, ಇಲ್ಲಿ ನಾವು ಅಂತ ತೋರಿಸುತ್ತಿದ್ದಾಗ ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಡುಗೆಮನೆಯಿಂದಲೇ ಅಮ್ಮಾರು ಹೇಳಿದರು: 'ಆವಾಗ ರೇಡಿಯೋ ಇದ್ದದ್ದು ಗೌಡರ ಮನ್ಯಾಗಷ್ಟ. ಸುದ್ದಿ ಮುಗಿಯೂತನಕ ಅವರ ಕಟ್ಟಿ ಬಿಟ್ಟು ನಾ ಏಳತಿರಲಿಲ್ಲ.' ಅಜ್ಜಾರ ಕೈ ಅಡಿಕೆ ಹಿಡಿದಲ್ಲೇ ಉಳಿಯಿತು. ಇಷ್ಟು ವರ್ಷದಲ್ಲಿ ಅವರು ಈ ಮಾತು ಕೇಳಿದ್ದೇ ಇಲ್ಲವಂತೆ! ಆ ಕೈಯನ್ನು ಫೋಟೋದಲ್ಲಿ ಹಿಡಿಯಬಹುದು, ಅಮ್ಮಾರ ದನಿ ಎಲ್ಲಿಂದ ತರೋಣ?

ಆವತ್ತಿಂದ ನನಗೆ ಕ್ಯಾಮೆರಾಕ್ಕಿಂತ ಮೈಕ್ ಮೇಲೆ ಗಮನ ಜಾಸ್ತಿ. ಮೊದಲ ಭೇಟಿಯಲ್ಲಿ ಬ್ಯಾಗು ಬಿಚ್ಚುವುದಿಲ್ಲ, ಸುಮ್ನೆ ಚಹಾ ಕುಡಿದು ಮಾತಾಡಿ ಬರುತ್ತೇನೆ. ಶೂಟಿಂಗ್ ದಿನ ಪಡಸಾಲೆಯ ಬಾಗಿಲ ಬೆಳಕೇ ಸಾಕು. ಫ್ಯಾನ್ ಬಂದ್ ಮಾಡಿಸುತ್ತೇನೆ. ಎಷ್ಟು ಜನರನ್ನ ಕೊಂದಿರಿ ಅಂತ ಯಾರನ್ನೂ ಕೇಳುವುದಿಲ್ಲ, ಕೇಳಲೂ ಬಾರದು. ಏನು ಉಂಡಿರಿ, ಎಲ್ಲಿ ಮಲಗಿದಿರಿ, ಪಕ್ಕದಲ್ಲಿ ಯಾರಿದ್ದರು ಅಂತ ಕೇಳಿ, ಉಳಿದದ್ದು ತಾನಾಗಿ ಬರುತ್ತದೆ. ಹಿನ್ನೆಲೆ ಸಂಗೀತ ಹಾಕುವುದಿಲ್ಲ. ಎಡಿಟ್ ಮುಗಿದ ಮೇಲೆ ಮೊದಲು ಆ ಮನೆಯವರಿಗೇ ತೋರಿಸುತ್ತೇನೆ, ಅವರು ಬೇಡ ಅಂದ ಭಾಗ ತೆಗೆದುಹಾಕುತ್ತೇನೆ.

71ರಲ್ಲಿ ಹೋರಾಡಿದವರಲ್ಲಿ ಈಗ ಉಳಿದವರೆಲ್ಲ ಹಣ್ಣಾದ ಮುದುಕರು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥವರಿದ್ದರೆ ನನಗಾಗಿ ಕಾಯಬೇಡಿ. ಮೊಬೈಲೇ ಸಾಕು, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಒಂದು ತಗೊಳ್ಳಿ. ಅಜ್ಜಾರನ್ನ ಕೇಳಿದ ಮೇಲೆ ಅಡುಗೆಮನೆಗೂ ಹೋಗಿ ಕೇಳಿ.