ಮೊದಲ ಪುಡಿಯ ದಿನವೇ ಹೆಸರು ಬರೆದೆ

ನಾಟಿ ಔಷಧಿ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳು ಮುಂದೆ ಏನಾದರೆಂದು ಒಬ್ಬರನ್ನೂ ಬಿಡದೆ ಬರೆದಿಡಲು ಹೊರಟೆ. ರೋಗಿಗಳು ವೈದ್ಯರ ಮುಂದೆ ಬಾಯಿ ಬಿಡುವುದಿಲ್ಲ, ಔಷಧಿ ಕೊಡುವ ಪಂಡಿತರು ಲೆಕ್ಕ ಕೊಡುವುದಿಲ್ಲ, ಇದು ಆಗುವ ಕೆಲಸವಲ್ಲ ಎಂದು ದಾವಣಗೆರೆಯ ನನ್ನ ಸಹೋದ್ಯೋಗಿಗಳು ಹೇಳಿದ್ದರು. ಈಗ ನನ್ನ ದಾಖಲೆ ಪುಸ್ತಕದಲ್ಲಿ ಸುಮಾರು 120 ಹೆಸರುಗಳಿವೆ. ಏನಾದರೆಂದು ತಿಳಿಯದವರು ಹತ್ತು ಮಂದಿಯೂ ಇಲ್ಲ. ನಮ್ಮ ಭಾಗದಲ್ಲಿ ಇಷ್ಟು ಪೂರ್ಣ ಪಟ್ಟಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗುಣವಾದವರನ್ನು ಹುಡುಕಿಕೊಂಡು ಹೋಗುವ ದಾರಿ ಫಲ ಕೊಡಲಿಲ್ಲ. ಜಗಳೂರು, ಹೊಳಲ್ಕೆರೆ ಕಡೆ ಗೆಡ್ಡೆ ಕರಗಿತೆಂದು ಸುದ್ದಿಯಾಗಿದ್ದ ಐದಾರು ಮಂದಿಯಲ್ಲಿ ಕೆಲವರಿಗೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೋರಿಸುವ ಬಯಾಪ್ಸಿಯೇ ಆಗಿರಲಿಲ್ಲ, ಉಳಿದವರಿಗೆ ಮೊದಲೇ ರೇಡಿಯೇಷನ್ ಆಗಿತ್ತು. ಅದೇ ಔಷಧಿ ತಿಂದು ತೀರಿಕೊಂಡವರ ವಿಳಾಸ ಮಾತ್ರ ಯಾರ ಬಳಿಯೂ ಇರಲಿಲ್ಲ. ಪೆಟ್ರೋಲಿಗೇ ಇಪ್ಪತ್ತು ಸಾವಿರದಷ್ಟು ಹೋಯಿತು.

ಆಮೇಲೆ ಒಬ್ಬ ಪಂಡಿತರು ಒಪ್ಪಿದರು. ಹೇಗೆ ಒಪ್ಪಿಸಿದೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಪುಡಿ ಕೊಡುವ ಮೊದಲ ದಿನವೇ ಹೆಸರು, ಬಯಾಪ್ಸಿ ವರದಿ, ಸ್ಕ್ಯಾನ್, ಇಬ್ಬರು ಸಂಬಂಧಿಕರ ಮೊಬೈಲ್ ಸಂಖ್ಯೆ ದಾಖಲಾಗುತ್ತವೆ. ಇದು ಗುಣಪಡಿಸುತ್ತದೆ ಎನ್ನಲು ಪುರಾವೆಯಿಲ್ಲ ಎಂದು ಹೇಳಿಯೇ ಸಹಿ ಪಡೆಯುತ್ತೇವೆ. ಫೋನ್ ಮಾಡುವವರು ನಿವೃತ್ತ ನರ್ಸ್ ಒಬ್ಬರು. ಅವರು ಔಷಧಿಯ ಮಾತೆತ್ತುವುದಿಲ್ಲ. ಅಮ್ಮನವರು ಊಟ ಮಾಡುತ್ತಿದ್ದಾರೆಯೇ, ನೋವಿಗೆ ಏನು ಕೊಡುತ್ತಿದ್ದೀರಿ ಎಂದು ಕೇಳುತ್ತಾರೆ. ಉಳಿದದ್ದನ್ನು ಮನೆಯವರೇ ಹೇಳುತ್ತಾರೆ. ಒಟ್ಟು ಖರ್ಚು ಒಂದೂವರೆ ಲಕ್ಷದ ಆಸುಪಾಸು, ಎಲ್ಲವೂ ನನ್ನ ಕೈಯಿಂದ. ಔಷಧಿ ಮಾರುವವರ ದುಡ್ಡು ಮುಟ್ಟಿದರೆ ಲೆಕ್ಕಕ್ಕೆ ಬೆಲೆಯಿರದು.

ಯಾರಿಗೆ ಪುಡಿ, ಯಾರಿಗೆ ಆಸ್ಪತ್ರೆಯ ಚಿಕಿತ್ಸೆ ಎಂದು ಚೀಟಿ ಎತ್ತಿ ಗುಂಪು ಮಾಡಬೇಕೆಂದು ಕೆಲವರು ಹಟ ಹಿಡಿದರು. ಶಸ್ತ್ರಚಿಕಿತ್ಸೆಯಿಂದ ವಾಸಿಯಾಗಬಹುದಾದ ಬಾಯಿ ಕ್ಯಾನ್ಸರನ್ನು ಚೀಟಿಗೆ ಬಿಡಲು ನಾನು ಒಪ್ಪಲಿಲ್ಲ. ಅಮೆರಿಕದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಕಿಣ್ವ (ಎನ್‌ಜೈಮ್) ಕೊಡುವ ಪರ್ಯಾಯ ಚಿಕಿತ್ಸೆಯನ್ನು ಪರೀಕ್ಷಿಸಿದಾಗಲೂ ಚೀಟಿಗೆ ಸಾಕಷ್ಟು ಜನ ಸಿಗದೆ ಆಯ್ಕೆಯನ್ನು ರೋಗಿಗಳಿಗೇ ಬಿಟ್ಟರು. 2010ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಕೀಮೋ ಪಡೆದವರ ಬದುಕಿನ ಮಧ್ಯಕ ಅವಧಿ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 14 ತಿಂಗಳು, ಕಿಣ್ವದವರದು 4.3 ತಿಂಗಳು.

ನಡುವೆ ಸಂತೆಯಲ್ಲಿ ಕೊಂಡ ನಾಟಿ ಪುಡಿಯ ಕೆಲವು ಪೊಟ್ಟಣಗಳನ್ನು ಪ್ರಯೋಗಾಲಯಕ್ಕೆ ಕಳಿಸಿದೆ, ಒಂದೊಂದಕ್ಕೂ ಮೂರು ಸಾವಿರದಷ್ಟು ಶುಲ್ಕ. ಎರಡರಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಪುಡಿ ತಿಂದ ವಾರದಲ್ಲೇ ಹಸಿವಾಯಿತು, ಊತ ಇಳಿಯಿತು ಎಂಬ ಹೊಗಳಿಕೆಯ ಮೂಲ ಅಲ್ಲಿತ್ತು.

ಬೇರೆ ಚಿಕಿತ್ಸೆಯಿಲ್ಲದೆ, ಪುಡಿಯೊಂದರಿಂದಲೇ ಗೆಡ್ಡೆ ಕುಗ್ಗಿದ್ದು ನನ್ನ ಪಟ್ಟಿಯಲ್ಲಿ ಒಬ್ಬರ ಸ್ಕ್ಯಾನಿನಲ್ಲೂ ಕಂಡಿಲ್ಲ. ಪಂಡಿತರಿಗೆ ಪುಟ ತೆರೆದು ತೋರಿಸಿದೆ. ಅಂದಿನಿಂದ ಬಾಯಿಹುಣ್ಣು ಮಾಯದವರನ್ನು ಅವರು ಪುಡಿ ಕೊಡದೆ ನೇರವಾಗಿ ನನ್ನ ಬಳಿಗೆ ಕಳಿಸುತ್ತಿದ್ದಾರೆ.