ತೊಗರಿ ನಾಟಿ: ಮೊದಲು ಹತ್ತು ಗುಂಟೆಯಲ್ಲಿ ಮಾಡಿ ನೋಡಿ

ಕೂರಿಗೆಯಲ್ಲಿ ತೊಗರಿ ಬಿತ್ತುವುದೇ ರೂಢಿಯಾಗಿರುವ ಕಲಬುರಗಿ ಸೀಮೆಯಲ್ಲಿ ‘ಸಸಿ ಬೆಳೆಸಿ ನಾಟಿ ಮಾಡಿ’ ಎಂದರೆ ಮೂರು ಎಕರೆಯ ರೈತ ಇಳುವರಿಗಿಂತ ಮೊದಲು ಬೇರೆಯದನ್ನೇ ಕೇಳುತ್ತಾನೆ. ಮೇ ತಿಂಗಳಲ್ಲಿ ನೀರೆಲ್ಲಿದೆ? ಆಳಿನ ಕೂಲಿ ಎಷ್ಟಾಗುತ್ತದೆ? ಬೆಳೆ ಕೈಕೊಟ್ಟರೆ ಗತಿಯೇನು? ನ್ಯಾಯವಾದ ಪ್ರಶ್ನೆಗಳಿವು. ಹೊಲವನ್ನೆಲ್ಲ ಪಣಕ್ಕಿಡದೆ ಹತ್ತು ಗುಂಟೆಯಲ್ಲಿ ಉತ್ತರ ಕಂಡುಕೊಳ್ಳಬಹುದು. ದಾರಿ ಪಕ್ಕದ ತುಂಡನ್ನೇ ಆರಿಸಿ. ನೆರೆಯವರು ದಿನಾ ನೋಡುವಂತಿರಲಿ. ಹೊಸ ಪದ್ಧತಿ ಊರಲ್ಲಿ ಹಬ್ಬುವುದು ಹೆಚ್ಚಾಗಿ ಹೀಗೆಯೇ.

ನಾಟಿ ಏಕೆ? ತೊಗರಿ ಹಗಲು ಕಿರಿದಾದಂತೆ ಹೂ ಬಿಡುವ ಬೆಳೆ. ಮಳೆ ತಡವಾಗಿ ಜುಲೈ ಕೊನೆಗೆ ಬಿತ್ತಿದರೂ ಹೂವಿನ ಕಾಲ ಅಷ್ಟಾಗಿ ಮುಂದೆ ಹೋಗುವುದಿಲ್ಲ, ಗಿಡಕ್ಕೆ ಬೆಳೆಯುವ ದಿನಗಳೇ ಕಡಿಮೆಯಾಗುತ್ತವೆ. ಚೀಲದಲ್ಲಿ ಬೆಳೆದ ಸಸಿಗೆ ಆ ಒಂದು ತಿಂಗಳು ಮೊದಲೇ ದಕ್ಕಿರುತ್ತದೆ. ಬೀದರ್ ಭಾಗದ ರೈತರು ಈ ಪದ್ಧತಿಗೆ ಒಲಿದದ್ದಕ್ಕೆ ಇದೇ ದೊಡ್ಡ ಕಾರಣವೆಂದು ನನ್ನ ಎಣಿಕೆ.

ಲೆಕ್ಕ: ಸಾಲಿನಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ 3 ಅಡಿ ಬಿಟ್ಟರೆ ಹತ್ತು ಗುಂಟೆಗೆ ಸುಮಾರು 725 ಸಸಿ ಬೇಕು. ಸತ್ತವಕ್ಕೆ ಬದಲಿ ಹಾಕಲು 800 ಚೀಲ ತುಂಬಿ. ಬೀಜ ಕಾಲು ಕಿಲೋ ಧಾರಾಳ.

ಸಸಿ: ಮೇ ಮಧ್ಯದಲ್ಲಿ ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಸಣ್ಣ ಪಾಲಿಥಿನ್ ಚೀಲಗಳಿಗೆ ತುಂಬಿ. ನೀರು ಬಸಿಯಲು ತಳದಲ್ಲಿ ತೂತುಗಳಿರಲಿ. ನೆಟೆ ರೋಗ (ನಿಂತಲ್ಲೇ ಗಿಡ ಬಾಡಿ ಒಣಗುವ ರೋಗ) ಬರುವ ಹೊಲವಾದರೆ ಬಿಎಸ್‌ಎಂಆರ್-736ರಂತಹ ರೋಗ ತಡೆಯುವ ತಳಿ ಆರಿಸಿ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ (ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಲೇಪಿಸಿ. ಚೀಲಕ್ಕೆ ಎರಡು ಬೀಜ ಊರಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ. ಎಂಟುನೂರು ಚೀಲಗಳು ಮನೆಯ ಹಿತ್ತಿಲಲ್ಲೇ ಹಿಡಿಸುತ್ತವೆ. ಕೊಡದ ನೀರು ಸಾಕು, ಕೊಳವೆಬಾವಿಯೇ ಬೇಕೆಂದಿಲ್ಲ.

ನಾಟಿ: ಭೂಮಿ ಚೆನ್ನಾಗಿ ಹಸಿಯಾದ ಮೇಲೆ, 30ರಿಂದ 35 ದಿನದ ಸಸಿಯನ್ನು ಚೀಲ ಹರಿದು, ಬೇರಿನ ಮಣ್ಣು ಉದುರದಂತೆ ಕುಣಿಗೆ ಇಳಿಸಿ ಒತ್ತಿ. ಎರೆಭೂಮಿಯಲ್ಲಿ ನೀರು ನಿಂತರೆ ತೊಗರಿ ಉಳಿಯುವುದಿಲ್ಲ. ಆದ್ದರಿಂದ ಬಸಿಗಾಲುವೆ ಮೊದಲೇ ತೆಗೆದಿಡಿ. ಇದರಲ್ಲಿ ಮಾತ್ರ ಉದಾಸೀನ ಬೇಡ.

ಐದು ಅಡಿಯ ಅಂತರ ಖಾಲಿ ಬಿದ್ದಿರುವುದನ್ನು ಕಂಡು ಅನೇಕರ ಹೊಟ್ಟೆ ಉರಿಯುತ್ತದೆ. ಅಲ್ಲಿ ಹೆಸರು ಅಥವಾ ಉದ್ದು ಬಿತ್ತಿ. ತೊಗರಿ ಹರಡಿಕೊಳ್ಳುವ ಹೊತ್ತಿಗೆ ಅದು ಕಟಾವಾಗಿ, ನಾಟಿಯ ಕೂಲಿಗೆ ಒಂದಿಷ್ಟು ಆಸರೆಯಾಗುತ್ತದೆ.

ಕುಡಿ ಚಿವುಟುವುದು: ನಾಟಿಯಾದ 20–25 ದಿನಕ್ಕೆ ತುದಿಯ ಕುಡಿಯನ್ನು ಚಿವುಟಿ. ಬೆಳೆದ ಗಿಡದ ತುದಿ ಮುರಿಯಲು ರೈತನ ಕೈ ನಡುಗುವುದು ಸಹಜ. ಆದರೆ ಕುಡಿ ಹೋದ ಮೇಲೆಯೇ ಪಕ್ಕದ ಟೊಂಗೆಗಳು ಒಡೆಯುತ್ತವೆ, ಕಾಯಿ ಹಿಡಿಯುವುದು ಆ ಟೊಂಗೆಗಳಲ್ಲಿ. ಹೂ ಬಿಡುವಾಗ ಕಾಯಿಕೊರಕದ ಮೇಲೆ ಕಣ್ಣಿರಲಿ.

ರಾಶಿ ಮಾಡುವಾಗ ಈ ಹತ್ತು ಗುಂಟೆಯ ಕಾಳನ್ನು ಉಳಿದದ್ದರೊಂದಿಗೆ ಬೆರೆಸಬೇಡಿ. ಪಕ್ಕದಲ್ಲಿ ಕೂರಿಗೆಯಿಂದ ಬಿತ್ತಿದ ಹತ್ತು ಗುಂಟೆಯನ್ನೂ ಬೇರೆಯಾಗಿ ತೂಗಿ. ಎರಡರ ಕಾಳಿನ ಬೆಲೆಯಿಂದಲೂ ಅವುಗಳ ಬೀಜ, ಚೀಲ, ಕೂಲಿಯ ಖರ್ಚು ಕಳೆದು, ಉಳಿದದ್ದನ್ನು ಮುಂದಿನ ಮೇ ತಿಂಗಳಿಗಾಗಿ ಬರೆದಿಡಿ.